ಎಂಟು, ಎರಡು, ಮೂವತ್ತೊಂಬತ್ತು: ಲೆಕ್ಸಿಂಗ್ಟನ್ ರಸ್ತೆಯಲ್ಲಿ ಒಬ್ಬ ಮೇಷ್ಟ್ರು

ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋದವಳು ನನ್ನ ಹೆಂಡತಿ. ನಾನು ಸೂಟ್‌ಕೇಸ್ ಹೊರಲಿಕ್ಕೆ ಹೋದವನು. ಮಗಳ ಮನೆ ಬಾಸ್ಟನ್‌ನಿಂದ ಸ್ವಲ್ಪ ಆಚೆ, ಬರ್ಲಿಂಗ್ಟನ್ ಅನ್ನುವ ಊರಿನಲ್ಲಿ. ಎಣ್ಣೆನೀರು, ಧೂಪ, ಮೆಣಸಿನ ಸಾರಿನ ಗಡಿಬಿಡಿಯಲ್ಲಿ ಅಡ್ಡಡ್ಡ ಓಡಾಡಿಕೊಂಡಿದ್ದ ನನ್ನನ್ನು ನೋಡಿ ಮಗಳಿಗೇ ಸಾಕಾಯಿತು. "ಅಪ್ಪ, ನೀನು ಅಷ್ಟು ವರ್ಷ ಪಾಠ ಮಾಡಿದ ಲೆಕ್ಸಿಂಗ್ಟನ್ ಇಲ್ಲೇ ಪಕ್ಕದಲ್ಲಿದೆ. ಹೋಗಿ ನೋಡ್ಕೊಂಡು ಬಾ" ಅಂದಳು.

ಸಾಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತನಾದವನು ನಾನು. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ ಬಂದಾಗ "1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್‌ನಲ್ಲಿ ಮೊದಲ ಕದನ ನಡೆಯಿತು" ಅಂತ ಒಂದೇ ಉಸಿರಿಗೆ ಬರೆಸಿ ಮುಂದೆ ಹೋಗುತ್ತಿದ್ದೆ. ಒಂದು ಅಂಕದ ಪ್ರಶ್ನೆಗೆ ಅದಕ್ಕಿಂತ ಹೆಚ್ಚು ಯಾಕೆ ಬೇಕು? ಆ ಒಂದು ಸಾಲನ್ನು ಕಾಲಲ್ಲಿ ಓದಲಿಕ್ಕೆ ನನಗೆ ಐದು ತಿಂಗಳು ಬೇಕಾಯಿತು.

ಮೊದಲ ಸಲ ಅಳಿಯ ಕಾರಿನಲ್ಲಿ ಬಿಟ್ಟು ಹೋದ. ಲೆಕ್ಸಿಂಗ್ಟನ್ ಗ್ರೀನ್ ನೋಡಿದಾಗ ನಿಜ ಹೇಳಬೇಕೆಂದರೆ ಪೆಚ್ಚಾದೆ. ರಣರಂಗ ಅಂದರೆ ನಮ್ಮ ತಲೆಯಲ್ಲಿ ಇರುವುದು ಕುರುಕ್ಷೇತ್ರ. ತಪ್ಪಿದರೆ ಚಿತ್ರದುರ್ಗದ ಹಾಗೆ ಏಳು ಸುತ್ತಾದರೂ ಇರಬೇಕು. ಇಲ್ಲಿ ನೋಡಿದರೆ ಮೂರು ಮೂಲೆಯ ಒಂದು ಹುಲ್ಲಿನ ಮೈದಾನ, ಮೂರೂ ಬದಿಯಲ್ಲಿ ಕಾರು ಓಡುತ್ತಿವೆ, ಒಬ್ಬಳು ನಾಯಿಗೆ ಚೆಂಡು ಎಸೆಯುತ್ತಿದ್ದಾಳೆ. ಮೂಲೆಯಲ್ಲಿ ಕೋವಿ ಹಿಡಿದ ಕಂಚಿನ ಪ್ರತಿಮೆ. ಆ ದಿನ ಇಲ್ಲಿ ನಿಂತಿದ್ದವರು ಸುಮಾರು 77 ಜನ ಊರವರು, ಅವರ ಕ್ಯಾಪ್ಟನ್ ಜಾನ್ ಪಾರ್ಕರ್ ಕ್ಷಯದಿಂದ ಬಳಲುತ್ತಿದ್ದ ರೈತ. ಎದುರಿಗೆ ಬಂದದ್ದು ಸುಮಾರು 700 ಕೆಂಪಂಗಿಯವರ, ಅಂದರೆ ಬ್ರಿಟಿಷ್ ಸೈನಿಕರ, ದಂಡಿನ ಮುಂಚೂಣಿ. ಕಾಂಕರ್ಡ್‌ನಲ್ಲಿ ಬಚ್ಚಿಟ್ಟ ಮದ್ದುಗುಂಡು ಜಪ್ತಿ ಮಾಡಲು ಬ್ರಿಟಿಷ್ ಸೇನಾಪತಿ ಜನರಲ್ ಗೇಜ್ ಬಾಸ್ಟನ್‌ನಿಂದ ರಾತ್ರೋರಾತ್ರಿ ಕಳಿಸಿದ ದಂಡು ಅದು. ಬೆಳಗಿನ ಜಾವ ಯಾರೋ ಒಬ್ಬ ಗುಂಡು ಹಾರಿಸಿದ. ಆ ಕಡೆಯವನೋ ಈ ಕಡೆಯವನೋ ಅನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಕೆಲವೇ ನಿಮಿಷದಲ್ಲಿ ಊರವರಲ್ಲಿ ಎಂಟು ಜನ ಸತ್ತರು, ಹತ್ತು ಜನ ಗಾಯಗೊಂಡರು.

ಮೈದಾನದಲ್ಲಿ ಒಂದು ಬಂಡೆ ಇದೆ. ಅದರ ಮೇಲೆ ಪಾರ್ಕರನ ಮಾತು ಅಂತ ಕೆತ್ತಿದ್ದಾರೆ: ನಿಂತಲ್ಲೇ ನಿಲ್ಲಿ, ಅವರು ಹೊಡೆಯುವ ತನಕ ಹೊಡೆಯಬೇಡಿ, ಅವರಿಗೆ ಯುದ್ಧವೇ ಬೇಕಿದ್ದರೆ ಅದು ಇಲ್ಲಿಂದಲೇ ಶುರುವಾಗಲಿ ಅನ್ನುವ ಅರ್ಥದ್ದು. ಎಂಥ ಮಾತು ಅಂತ ಮೈ ನವಿರೆದ್ದಿತು. ಮನೆಗೆ ಬಂದು ಓದಿದರೆ, ಘಟನೆಯಾಗಿ ಒಂದು ವಾರದೊಳಗೆ ಪಾರ್ಕರ್ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯೇ ಉಳಿದಿದೆ. ಅದರಲ್ಲಿ ಅವನು ಹೇಳುವುದು, ದಂಡು ಹತ್ತಿರ ಬಂದಾಗ ನನ್ನವರಿಗೆ ಚದುರಿ ಹೋಗಿ, ಗುಂಡು ಹಾರಿಸಬೇಡಿ ಅಂದೆ ಅಂತ. ಬಂಡೆಯ ಮೇಲಿನ ಮಾತು ದಾಖಲೆಗೆ ಬಂದದ್ದು ಎಷ್ಟೋ ದಶಕಗಳ ಮೇಲೆ. ಕಲ್ಲಿನ ಮೇಲೆ ಕೆತ್ತಿದ್ದೆಲ್ಲ ಶಾಸನ ಅಲ್ಲ ಅಂತ ಮಕ್ಕಳಿಗೆ ಹೇಳುತ್ತಿದ್ದವನು ನಾನೇ, ಆದರೂ ಆ ಹೊತ್ತಿಗೆ ಮರುಳಾಗಿದ್ದೆ. ಎದುರಿನ ಬಕ್ಮನ್ ಟ್ಯಾವರ್ನ್ ಮುಂದೆ ಒಂದು ಚಿಕ್ಕ ಕಲ್ಲಿದೆ, ಅದನ್ನು ಬಿಡಬೇಡಿ. ಅದು ಪ್ರಿನ್ಸ್ ಎಸ್ಟಾಬ್ರೂಕ್ ಎಂಬುವನದು. ಗುಲಾಮನಾಗಿದ್ದುಕೊಂಡೇ ಆ ಸಾಲಿನಲ್ಲಿ ನಿಂತು ಗುಂಡೇಟು ತಿಂದವನು.

ಅಲ್ಲಿಯವರು ಏಪ್ರಿಲ್‌ನ ಮೂರನೇ ಸೋಮವಾರ ಪೇಟ್ರಿಯಟ್ಸ್ ಡೇ ಅಂತ ರಜೆ ಮಾಡಿ, ನಸುಕಿನಲ್ಲಿ ಅದೇ ಮೈದಾನದಲ್ಲಿ ಆ ಕದನವನ್ನು ಮತ್ತೆ ಆಡಿ ತೋರಿಸುತ್ತಾರೆ. ಬಯಲಾಟ ನೋಡಿ ಬೆಳೆದವನಿಗೆ ಬಿಡಲಿಕ್ಕೆ ಆಗುತ್ತದೆಯೇ? ನಾಲ್ಕು ಗಂಟೆಗೇ ಹೋಗಿ ನಿಂತೆ. ಅಷ್ಟು ಹೊತ್ತಿಗಾಗಲೇ ಹಗ್ಗದ ಪಕ್ಕ ನಾಲ್ಕು ಸಾಲು ಜನ. ಅನುಭವಸ್ಥರು ಮಡಚುವ ಏಣಿಯನ್ನೇ ಹೊತ್ತು ತಂದಿದ್ದರು. ನನಗೆ ಕಂಡದ್ದು ಟೋಪಿಗಳು, ಹೊಗೆ, ಆಮೇಲೆ ಹೆಂಗಸರ ಅಳು. ಆ ಅಳು ಮಾತ್ರ ಇನ್ನೂ ಕಿವಿಯಲ್ಲಿದೆ. ಹೋಗುವವರು ಮಂಕಿಕ್ಯಾಪ್ ಹಾಕಿಕೊಳ್ಳಿ, ಏಪ್ರಿಲ್ ಅಂದರೆ ಅಲ್ಲಿ ಬೇಸಿಗೆ ಅಲ್ಲ.

ಕಾಂಕರ್ಡ್‌ಗೆ ರೈಲಿನಲ್ಲಿ ಹೋದೆ. ಸ್ಟೇಷನ್‌ನಿಂದ ನಾರ್ತ್ ಬ್ರಿಡ್ಜ್‌ಗೆ ಎರಡು ಕಿಲೋಮೀಟರ್ ಚಿಲ್ಲರೆ, ನಡೆಯಬಹುದು. ಸೇತುವೆ ಮರದ್ದು, ಹೊಸದಾಗಿ ಕಟ್ಟಿದ್ದು. ಈಚೆ ದಡದಲ್ಲಿ 1836ರ ಕಲ್ಲುಕಂಬ, ಆಚೆ ದಡದಲ್ಲಿ ನೇಗಿಲು ಬಿಟ್ಟು ಕೋವಿ ಹಿಡಿದ ರೈತನ 1875ರ ಪ್ರತಿಮೆ. ತಮಾಷೆ ಏನೆಂದರೆ, ಊರವರು ತಮ್ಮ ವೀರರಿಗಾಗಿ ಎತ್ತಿದ ಆ ಮೊದಲ ಕಂಬ ನಿಂತಿರುವುದು ಬ್ರಿಟಿಷರು ನಿಂತ ದಡದಲ್ಲಿ. ಆಗ ಅಲ್ಲಿ ಸೇತುವೆಯೇ ಇರಲಿಲ್ಲ, ಆಚೆ ದಾಟುವ ಹಾಗಿರಲಿಲ್ಲ. ಕಂಬದ ಪಕ್ಕದಲ್ಲೇ ಅಲ್ಲಿ ಸತ್ತ ಬ್ರಿಟಿಷ್ ಸಿಪಾಯಿಗಳ ಗೋರಿ, ಅದಕ್ಕೆ ಪುಟ್ಟ ಬ್ರಿಟಿಷ್ ಬಾವುಟ. ಶತ್ರುವಿನ ಗೋರಿಯನ್ನು ಇಷ್ಟು ಓರಣವಾಗಿ ಇಟ್ಟುಕೊಂಡದ್ದು ನನಗೆ ಹಿಡಿಸಿತು.

ಹೆಚ್ಚಿನವರು ಸೇತುವೆಯ ಮೇಲೆ ಫೋಟೋ ತೆಗೆಸಿಕೊಂಡು ವಾಪಸ್ ಹೋಗುತ್ತಾರೆ. ನೀವು ಆಚೆ ದಡದ ಗುಡ್ಡ ಹತ್ತಿ. ಸುಮಾರು 400 ಜನ ಊರವರು ಸೇರಿ ನಿಂತಿದ್ದು ಆ ಎತ್ತರದಲ್ಲಿ. ಅಲ್ಲಿಂದ ಊರಿನ ಕಡೆ ಹೊಗೆ ಎದ್ದದ್ದು ಅವರಿಗೆ ಕಂಡಿತು. ಸೈನಿಕರು ಫಿರಂಗಿಯ ಮರದ ಗಾಡಿಗಳಿಗೆ ಬೆಂಕಿ ಇಟ್ಟಿದ್ದರು ಅಷ್ಟೆ. ಅದು ಪಕ್ಕದ ಕಟ್ಟಡಕ್ಕೆ ತಗುಲಿದಾಗ ಆರಿಸಲು ಅವರೇ ಕೈಜೋಡಿಸಿದರು. ಗುಡ್ಡದ ಮೇಲಿದ್ದವರಿಗೆ ಅದು ಹೇಗೆ ಗೊತ್ತಾಗಬೇಕು? ಊರನ್ನೇ ಸುಡುತ್ತಿದ್ದಾರೆ ಅಂತ ಇಳಿದು ಬಂದರು. ಸೇತುವೆಯಲ್ಲಿ ಬ್ರಿಟಿಷರು ಮೊದಲು ಹೊಡೆದರು. ಪಕ್ಕದ ಆಕ್ಟನ್ ಊರಿನ ಕೋವಿ ಕಮ್ಮಾರ, ಕ್ಯಾಪ್ಟನ್ ಐಸಾಕ್ ಡೇವಿಸ್ ಮತ್ತು ಅವನ ಜೊತೆಯವನೊಬ್ಬ ಬಿದ್ದರು. ಊರವರ ಕಡೆಯ ಮೇಜರ್ ಬಟ್ರಿಕ್ ಹೊಡೆಯಿರಿ ಅಂದ. ರಾಜನ ಸೈನ್ಯದ ಮೇಲೆ ಆಜ್ಞೆ ಕೊಟ್ಟು ಗುಂಡು ಹಾರಿಸಿದ್ದು ಅಲ್ಲಿ. ಕೆಂಪಂಗಿಯವರಲ್ಲಿ ಮೂವರು ಸತ್ತರು, ಉಳಿದವರು ಊರಿನ ಕಡೆ ಓಡಿದರು. ನಾನು ಆ ಗುಡ್ಡದಲ್ಲಿ ಅರ್ಧ ಗಂಟೆ ಕೂತೆ. ಊರು ಕಾಣುವುದಿಲ್ಲ, ಮರಗಳ ತಲೆಯ ಮೇಲೆ ಆಕಾಶ ಮಾತ್ರ.

ಆ ರಾತ್ರಿ ಲೆಕ್ಕ ಹಾಕಿ ನೋಡಿದೆ. ಲೆಕ್ಸಿಂಗ್ಟನ್‌ನಲ್ಲಿ ಎಂಟು, ಸೇತುವೆಯಲ್ಲಿ ಎರಡು. ಆದರೆ ಆ ದಿನ ವಸಾಹತಿನ ಕಡೆ ಸತ್ತವರು 49. ಬ್ರಿಟಿಷರಲ್ಲಿ 73, ಅದರಲ್ಲಿ ಸೇತುವೆಯಲ್ಲಿ ಮೂರೇ. ಮಿಕ್ಕ ಮೂವತ್ತೊಂಬತ್ತು ಜನ ಎಲ್ಲಿ ಸತ್ತರು, ಮಿಕ್ಕ ಎಪ್ಪತ್ತು ಜನ ಎಲ್ಲಿ ಸತ್ತರು? ನಾನು ಎರಡು ಊರಿನ ಹೆಸರು ಬರೆಸಿದ್ದೆ. ಮಿಕ್ಕ ಸಾವೆಲ್ಲ ಆ ಎರಡು ಹೆಸರಿನ ನಡುವಿನ "ಮತ್ತು" ಅನ್ನುವ ಪದದಲ್ಲೇ ಆಗಿತ್ತು, ಅದರಿಂದಾಚೆ ಬಾಸ್ಟನ್ ತನಕ ಚೆಲ್ಲಿತ್ತು.

ಆ ರಸ್ತೆಯ ಒಂದು ತುಂಡು ಈಗ ಮಿನಿಟ್ ಮ್ಯಾನ್ ರಾಷ್ಟ್ರೀಯ ಉದ್ಯಾನದೊಳಗೆ ಬ್ಯಾಟಲ್ ರೋಡ್ ಟ್ರೇಲ್ ಅಂತ ಉಳಿದಿದೆ. ಐದು ಮೈಲಿ, ಟಿಕೆಟ್ ಇಲ್ಲ. ಇಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ. ಮನೆಗೆ ಹತ್ತಿರ ಅಂತ ಲೆಕ್ಸಿಂಗ್ಟನ್ ಕಡೆಯಿಂದ ಹೊರಟು ಪಶ್ಚಿಮಕ್ಕೆ ನಡೆದೆ. ಚಂದದ ದಾರಿ, ಕಲ್ಲಿನ ಪಾಗಾರ, ನೆರಳು. ದಂಡು ಬರುತ್ತಿದೆ ಅಂತ ಪಾಲ್ ರೆವಿಯರ್ ರಾತ್ರಿ ಸುದ್ದಿ ಮುಟ್ಟಿಸಲು ಹೋಗುವಾಗ ಸಿಕ್ಕಿಬಿದ್ದ ಜಾಗವೂ ಸಿಕ್ಕಿತು. ಕಾಂಕರ್ಡ್ ತನಕ ಸುದ್ದಿ ಒಯ್ದದ್ದು ತಪ್ಪಿಸಿಕೊಂಡ ಡಾಕ್ಟರ್ ಪ್ರೆಸ್ಕಾಟ್ ಅನ್ನುವುದೂ ಅಲ್ಲೇ ತಿಳಿಯಿತು. ಆದರೆ ಕದನ ಮಾತ್ರ ಒಂದಿಷ್ಟೂ ಅರ್ಥ ಆಗಲಿಲ್ಲ. ಕತೆಯನ್ನು ಕೊನೆಯಿಂದ ಓದಿದ ಹಾಗಾಯಿತು. ಬೆಳಿಗ್ಗೆ ದಂಡು ಆ ದಿಕ್ಕಿನಲ್ಲಿ ಹೋಗುವಾಗ ಈ ಭಾಗದಲ್ಲಿ ಏನೂ ನಡೆಯಲಿಲ್ಲವಲ್ಲ. ನಡೆದದ್ದೆಲ್ಲ ಅದು ಬಾಸ್ಟನ್‌ಗೆ ವಾಪಸ್ ಬರುವಾಗ.

ಎರಡು ವಾರ ಬಿಟ್ಟು ಅಳಿಯನಿಗೆ ಹೇಳಿ ಮೆರಿಯಮ್ಸ್ ಕಾರ್ನರ್‌ನಲ್ಲಿ ಇಳಿಸಿಕೊಂಡೆ. ಕಾಂಕರ್ಡ್‌ನಿಂದ ಹೊರಟ ದಂಡು ಅಲ್ಲಿ ಒಂದು ಇಕ್ಕಟ್ಟಾದ ಸೇತುವೆ ದಾಟಬೇಕಿತ್ತು. ಪಕ್ಕದ ಎತ್ತರದಲ್ಲಿ ಕಾವಲಾಗಿ ನಡೆಯುತ್ತಿದ್ದ ತುಕಡಿಗಳು ಅದಕ್ಕಾಗಿ ಕೆಳಗಿಳಿದು ರಸ್ತೆಗೆ ಕೂಡಿಕೊಂಡವು, ಅಲ್ಲಿಂದ ಗುಂಡು ಶುರು. ಅಲ್ಲಿಂದ ಪೂರ್ವಕ್ಕೆ ನಡೆದರೆ ನೆಲವೇ ಪಾಠ ಹೇಳುತ್ತದೆ. ರಸ್ತೆ ಒಂದು ಕಡೆ ಏರುತ್ತಾ ಎಡಕ್ಕೆ ಥಟ್ಟನೆ ತಿರುಗುತ್ತದೆ. ಬ್ಲಡಿ ಆಂಗಲ್ ಅನ್ನುತ್ತಾರೆ, ನಮ್ಮಲ್ಲಾದರೆ ನೆತ್ತರು ತಿರುವು ಅಂತ ಕರೆಯುತ್ತಿದ್ದರೋ ಏನೋ. ಸಾಲಾಗಿ ಬರುವವನಿಗೆ ಮುಂದೇನಿದೆ ಕಾಣುವುದಿಲ್ಲ, ಹೊಲ ಅಡ್ಡಹಾಯ್ದು ಬಂದವನು ಅಷ್ಟರಲ್ಲಿ ಮುಂದೆ ಬಂದು ಕಾದಿರುತ್ತಾನೆ. ಆ ಕಾಲದ ಕೋವಿಯ ಗುರಿ ನೂರು ಗಜದಾಚೆ ನಂಬುವ ಹಾಗಿಲ್ಲ, ಆದ್ದರಿಂದ ಹತ್ತಿರ ಬರಲೇಬೇಕು. ಆಗ ಇಲ್ಲಿ ಹೆಚ್ಚಿನದೆಲ್ಲ ಬಯಲು, ಹೊಲ, ಹುಲ್ಲುಗಾವಲು. ಈಗಿನ ಕಾಡು ಆಮೇಲೆ ಬೆಳೆದದ್ದು, ಅದನ್ನು ಕಣ್ಣಿನಲ್ಲೇ ಕಡಿದುಕೊಂಡು ನಡೆಯಬೇಕು. ಪಾಗಾರದ ಹಿಂದೆ ಒಬ್ಬೊಬ್ಬನೇ ಅಡಗಿ ಹೊಡೆದ ರೈತ ಅನ್ನುವ ಚಿತ್ರವನ್ನೂ ಬಿಡಬೇಕು. ಊರೂರಿನ ಪಡೆಗಳು ತಮ್ಮ ಕ್ಯಾಪ್ಟನ್‌ಗಳ ಜೊತೆ ಸರದಿಯ ಹಾಗೆ ಬಂದು ಹೊಡೆದು ಸರಿದು, ಮತ್ತೆ ಮುಂದೆ ಬಂದು ನಿಂತವು. ಸೈನಿಕರ ಕಡೆಯೂ ಯೋಚಿಸಿ. ಹಿಂದಿನ ರಾತ್ರಿ ಕೆಸರು ನೀರಲ್ಲಿ ಇಳಿದು ಒದ್ದೆಯಾದ ಬೂಟು, ನಿದ್ದೆ ಇಲ್ಲ, ಹೋಗಿ ಬಂದು ಸುಮಾರು 60 ಕಿಲೋಮೀಟರ್ ನಡಿಗೆ.

ನನಗೆ ತುಂಬ ಹಿಡಿಸಿದ ಜಾಗ ಪಾರ್ಕರ್ಸ್ ರಿವೆಂಜ್. ಬೆಳಿಗ್ಗೆ ಎಂಟು ಜನರನ್ನು ಕಳೆದುಕೊಂಡ ಅದೇ ಪಾರ್ಕರ್ ಉಳಿದವರನ್ನು ಕೂಡಿಸಿಕೊಂಡು ಮಧ್ಯಾಹ್ನ ಊರಿನ ಗಡಿಯ ಕಲ್ಲುಗುಡ್ಡದ ಮೇಲೆ ಕಾದು ಹೊಡೆದ ಜಾಗ ಇದು. 2013ರಿಂದ ನಡೆದ ಶೋಧದಲ್ಲಿ ಪುರಾತತ್ವದವರು ಲೋಹಶೋಧಕ ಹಿಡಿದು ಅಂಗುಲ ಅಂಗುಲ ಹುಡುಕಿ ಸೀಸದ ಗುಂಡು ಹೆಕ್ಕಿ, ಯಾರು ಎಲ್ಲಿ ನಿಂತಿದ್ದರು ಅಂತ ಗುರುತು ಮಾಡಿದ್ದಾರೆ. ಬಂಡೆಯ ಮೇಲೆ ಕೆತ್ತಿದ ಮಾತಿಗಿಂತ ಆ ಸೀಸದ ಗುಂಡುಗಳನ್ನು ನಾನು ಹೆಚ್ಚು ನಂಬುತ್ತೇನೆ. ಪಾರ್ಕರ್ ಅದೇ ಸೆಪ್ಟೆಂಬರ್‌ನಲ್ಲಿ ಕ್ಷಯದಿಂದ ತೀರಿಕೊಂಡ. ಅಲ್ಲಿ ಕೂತು ಅವಲಕ್ಕಿ ತಿನ್ನುವಾಗ ಪಕ್ಕದ ಹ್ಯಾನ್ಸ್ಕಮ್ ನಿಲ್ದಾಣದ ವಿಮಾನ ತಲೆ ಸವರಿಕೊಂಡು ಹೋಯಿತು.

ಒಂದು ಎಚ್ಚರಿಕೆ: ಟ್ರೇಲ್ ಬಿಟ್ಟು ಹುಲ್ಲಿಗೆ ಇಳಿಯಬೇಡಿ. ಅಲ್ಲಿ ಉಣುಗು ಇದೆ, ಲೈಮ್ ಅನ್ನುವ ರೋಗ ತರುವ ಜಾತಿ. ನಾನು ಇಳಿದೆ. ಮನೆಗೆ ಬಂದ ಮೇಲೆ ಹೆಂಡತಿ ಟಾರ್ಚ್ ಹಿಡಿದು ಮೊಣಕಾಲ ಹಿಂದಿನಿಂದ ಒಂದನ್ನು ತೆಗೆದಳು. "ಮಂಗನ ಕಾಯಿಲೆ ಊರಿಂದ ಬಂದೋರು, ಇಷ್ಟೂ ಗೊತ್ತಾಗಲ್ವಾ ನಿಮಗೆ?" ಅಂದಳು. ಬಾಣಂತಿ ಮನೆಯಲ್ಲಿ ಮೂರು ದಿನ ನನ್ನ ಪ್ಯಾಂಟು ಹೊರಗೇ ಇತ್ತು.

ಮಿಕ್ಕ ರಸ್ತೆಯಲ್ಲಿ ಈಗ ಮ್ಯಾಸಚೂಸೆಟ್ಸ್ ಅವೆನ್ಯೂ ಇದೆ, ಬಸ್ಸಿನಲ್ಲಿ ನೋಡಿದೆ. ಲೆಕ್ಸಿಂಗ್ಟನ್‌ನಲ್ಲಿ ಬ್ರಿಟಿಷರ ಲಾರ್ಡ್ ಪರ್ಸಿ ಸುಮಾರು ಸಾವಿರ ಜನ ಮತ್ತು ಫಿರಂಗಿ ತಂದು ಸೇರಿಕೊಳ್ಳದಿದ್ದರೆ ಆ ದಂಡು ಬಾಸ್ಟನ್ ಮುಟ್ಟುತ್ತಿರಲಿಲ್ಲ. ಆಗ ಮೆನೊಟಮಿ ಆಗಿದ್ದ ಈಗಿನ ಆರ್ಲಿಂಗ್ಟನ್‌ನಲ್ಲಿ ಜನ ಮನೆಮನೆಯೊಳಗೆ ಬಡಿದಾಡಿದರು, ಆ ದಿನದ ಅತಿ ಹೆಚ್ಚು ಸಾವು ಅಲ್ಲೇ. ಜೇಸನ್ ರಸೆಲ್ ಎಂಬ ಕುಂಟು ಕಾಲಿನ ಮುದುಕ ನನ್ನ ಮನೆ ಬಿಟ್ಟು ಹೋಗಲ್ಲ ಅಂದ. ರಸ್ತೆಯ ಕಡೆಗೇ ಕಣ್ಣಿಟ್ಟು ಅಡಗಿದ್ದವರನ್ನು ಬ್ರಿಟಿಷರ ಪಕ್ಕದ ತುಕಡಿ ಹಿಂದಿನಿಂದ ಬಂದು ಹಿಡಿಯಿತು. ಅವರು ಓಡಿ ಇವನ ಮನೆ ಹೊಕ್ಕರು. ರಸೆಲ್ ಮತ್ತು ಹನ್ನೊಂದು ಜನ ಅಲ್ಲಿ ಸತ್ತರು. ಮನೆ ಇನ್ನೂ ಇದೆ, ಗುಂಡಿನ ತೂತುಗಳೂ ಇವೆ. ಬಸ್ ಸ್ಟಾಪಿನಿಂದ ನಾಲ್ಕು ಹೆಜ್ಜೆ, ನಾನು ಹೋದ ದಿನ ನೋಡಲು ಬಂದವರು ಒಟ್ಟು ಮೂವರು.

ಬಾಸ್ಟನ್‌ನ ಬಂಕರ್ ಹಿಲ್‌ಗೂ ಹೋದೆ, ಅದೇ ವರ್ಷದ ಜೂನ್ 17ರ ಆ ಕದನ ಬೇರೆಯೇ ದೊಡ್ಡ ಕತೆ. ಸ್ಮಾರಕದ 294 ಮೆಟ್ಟಿಲಲ್ಲಿ ನೂರರ ಹತ್ತಿರ ನನ್ನ ಮಂಡಿ ಶರಣಾಯಿತು. ಆದರೆ ಅದರ ಬಗ್ಗೆ ಓದುವಾಗ ಒಂದು ಹೆಸರಲ್ಲಿ ಕಣ್ಣು ನಿಂತಿತು: ಬ್ರಿಟಿಷರ 52ನೇ ರೆಜಿಮೆಂಟ್. ಕಾಂಕರ್ಡ್‌ಗೆ ನಡೆದ ದಂಡಿನಲ್ಲಿ ಅದರ ತುಕಡಿಗಳಿದ್ದವು, ಬಂಕರ್ ಹಿಲ್‌ನಲ್ಲೂ ಅದು ಇತ್ತು. ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ಟಿಪ್ಪುವಿನ ಮೇಲೆ ಬಂದದ್ದನ್ನು ಪ್ರತಿ ವರ್ಷ ಪಾಠ ಮಾಡಿದ್ದೆ, ಆದರೆ ಸಿಪಾಯಿಗಳ ಬಗ್ಗೆ ಯೋಚಿಸಿರಲಿಲ್ಲ. ಅದೇ 52ನೇ ರೆಜಿಮೆಂಟ್ 1791ರ ಡಿಸೆಂಬರ್‌ನಲ್ಲಿ ಸಾವನದುರ್ಗಕ್ಕೆ ಲಗ್ಗೆ ಹಾಕಿತ್ತು.

ಬೆಂಗಳೂರಿಗೆ ನೂರಾರು ಸಲ ಹೋಗಿದ್ದೇನೆ, ಅಲ್ಲಿಂದ ಅರವತ್ತು ಕಿಲೋಮೀಟರ್ ದೂರದ ಸಾವನದುರ್ಗಕ್ಕೆ ಒಮ್ಮೆಯೂ ಹೋಗಿಲ್ಲ. ಮಳೆ ಬಿಟ್ಟ ಮೇಲೆ ಹೊರಡುವವನಿದ್ದೇನೆ. ಈ ಸಲ ಮೊದಲು ಕೇಳುವ ಪ್ರಶ್ನೆ, ಅವರು ಯಾವ ಕಡೆಯಿಂದ ಹತ್ತಿದರು ಅಂತ.