ನೃತ್ಯ ಕೇಂದ್ರದ ಹಳೆಯ ಟೇಪುಗಳನ್ನು ಉಳಿಸಿಕೊಳ್ಳುವುದು ಹೇಗೆ?

ದಶಕಗಳಿಂದ ಆಧುನಿಕ ನೃತ್ಯ ಕಲಿಸುತ್ತಿರುವ ಸಮುದಾಯ ಕೇಂದ್ರದಲ್ಲಿ ಮೊದಲು ಕೈಹಾಕಬೇಕಾದದ್ದು ವಿಎಚ್‌ಎಸ್ ವಿಡಿಯೊ ಕ್ಯಾಸೆಟ್‌ಗಳಿಗೆ. ಪೋಸ್ಟರು, ಕರಪತ್ರ ಇನ್ನಷ್ಟು ಕಾಲ ತಾಳುತ್ತವೆ. ಟೇಪಿನ ಕಾಂತೀಯ ಲೇಪನ ತಾಳುವುದಿಲ್ಲ.

ಕ್ಯಾಸೆಟ್ಟಿನ ಅಂಚಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಪಟ್ಟಿಯನ್ನು ಮುರಿದುಬಿಡಿ, ಅಕಸ್ಮಾತ್ತಾಗಿ ಮತ್ತೆ ರೆಕಾರ್ಡ್ ಆಗುವುದು ತಪ್ಪುತ್ತದೆ. ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಅದು ಬೂಷ್ಟು ಇರಬಹುದು. ಅಂಥದ್ದನ್ನು ಪ್ಲೇಯರಿಗೆ ಹಾಕಲೇಬೇಡಿ. ಪ್ಲೇಯರಿನೊಳಗೆ ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಚೆನ್ನಾಗಿರುವುದನ್ನು ಕೊನೆಯವರೆಗೆ ಮುಂದಕ್ಕೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಮಾಡಿ ಕಂಪ್ಯೂಟರಿಗೆ ನಕಲಿಸಿಕೊಳ್ಳಿ. ಚಿತ್ರದ ಗೆರೆಗಳು ಅಡ್ಡಕ್ಕೆ ನಡುಗಿದರೆ ಆ ನಡುಕ ಸರಿಪಡಿಸುವ ಸಾಧನ, ಟೈಮ್ ಬೇಸ್ ಕರೆಕ್ಟರ್ ಬೇಕು. ಕಾಪಿಡುವ ಪ್ರತಿಗೆ ಗುಣಮಟ್ಟ ಕಳೆಯದ ಎಫ್‌ಎಫ್‌ವಿ1 ವಿಡಿಯೊ ಸ್ವರೂಪ, ನೋಡುವ ಪ್ರತಿಗೆ ಎಂಪಿ4.

ವಿಡಿಯೊ ಇದ್ದ ಮಾತ್ರಕ್ಕೆ ನೃತ್ಯ ಉಳಿಯಿತು ಎಂದುಕೊಳ್ಳಬೇಡಿ. ಒಂದೇ ಕ್ಯಾಮೆರಾದಲ್ಲಿ ಹಿಂದಿನ ಸಾಲಿನವರ ಪಾದ ಕಾಣದು, ಭಾರ ಯಾವ ಕಾಲಿನ ಮೇಲಿತ್ತೆಂದು ತಿಳಿಯದು. ಆ ಕೃತಿಯಲ್ಲಿ ಕುಣಿದವರನ್ನೇ ಕೂರಿಸಿಕೊಂಡು, 30 ಸೆಕೆಂಡಿಗೊಮ್ಮೆ ನಿಲ್ಲಿಸಿ ಕೇಳಿ, ಟೈಮ್‌ಕೋಡ್ (ವಿಡಿಯೊದಲ್ಲಿ ಆ ಕ್ಷಣದ ಸಮಯ) ಸಮೇತ ಬರೆದಿಡಿ. 1928ರಲ್ಲಿ ನೃತ್ಯ ಚಿಂತಕ ರುಡಾಲ್ಫ್ ಲಾಬಾನ್ ಪ್ರಕಟಿಸಿದ, ಚಲನೆಯನ್ನು ಚಿಹ್ನೆಗಳಲ್ಲಿ ಬರೆಯುವ ಸಂಕೇತಲಿಪಿ ಇದಕ್ಕಿಂತ ಕರಾರುವಾಕ್ಕು, ಆದರೆ ಬಲ್ಲವರು ಸಿಗುವುದು ಕಷ್ಟ.

ತಾಲೀಮಿನ ಟೇಪುಗಳನ್ನಂತೂ ಎಸೆಯಬೇಡಿ. ಪ್ರದರ್ಶನದಲ್ಲಿ ಸಂಗೀತದಡಿ ಮುಚ್ಚಿಹೋದ ಹೆಜ್ಜೆಗಳ ಎಣಿಕೆ ಅಲ್ಲಿ ಬಾಯಿಬಿಟ್ಟು ಕೇಳಿಸುತ್ತದೆ. ಸಾರ್ವಜನಿಕವಾಗಿ ತೋರಿಸುವ ಮುನ್ನ ನೃತ್ಯ ಸಂಯೋಜಕರಿಂದ, ಸಂಗೀತದ ಹಕ್ಕುದಾರರಿಂದ ಲಿಖಿತ ಒಪ್ಪಿಗೆ ಪಡೆಯಿರಿ.