ಭಾರತ–ಪಾಕ್ ಪಂದ್ಯದ ದಿನ ಕಾಲೆಳೆಯುವುದು ಹೇಗೆ?

ಮೊದಲು ಯಾವ ಮಾದರಿ (ಟೆಸ್ಟ್, ಏಕದಿನ, ಟಿ20) ಎಂದು ಹೇಳಿ, ಅಂಕಿ ಆಮೇಲೆ. ಭಾರತದ ಅಭಿಮಾನಿಗಳು ಎಡವುವುದು ಇಲ್ಲೇ. ‘ವಿಶ್ವಕಪ್‌ನಲ್ಲಿ ಸೋತೇ ಇಲ್ಲ’ ಎಂದಿರೋ, ಎದುರಿನವರು 2021ರ ದುಬೈ ಟಿ20 ವಿಶ್ವಕಪ್ ಪಂದ್ಯ ಎತ್ತುತ್ತಾರೆ. ಪಾಕಿಸ್ತಾನ ಅಲ್ಲಿ ಗೆದ್ದದ್ದು 10 ವಿಕೆಟ್‌ಗಳಿಂದ. ‘ಏಕದಿನ ವಿಶ್ವಕಪ್‌ನಲ್ಲಿ 1992ರಿಂದ 2023ರವರೆಗೆ 8–0’ ಎನ್ನಿ, ಮಾತು ನಿಲ್ಲುತ್ತದೆ. ಒಟ್ಟು ಏಕದಿನ ಗೆಲುವುಗಳ ಲೆಕ್ಕ ಮಾತ್ರ ನೀವಾಗಿ ತೆಗೆಯಬೇಡಿ, ಅದರಲ್ಲಿ ಪಾಕಿಸ್ತಾನವೇ ಮುಂದೆ. ಟೆಸ್ಟ್‌ನಲ್ಲೂ ಅವರದು 12, ನಮ್ಮದು 9.

ಒಂದೇ ಪ್ರಸಂಗ ಹೇಳುವುದಾದರೆ 1996ರ ವಿಶ್ವಕಪ್‌ನ ಬೆಂಗಳೂರು ಪಂದ್ಯ. ಅದನ್ನು ಎಸೆತ ಎಸೆತವಾಗಿ ಬಿಡಿಸಿ ಹೇಳಬೇಕು: ಪಾಕಿಸ್ತಾನದ ಆಮಿರ್ ಸೊಹೈಲ್ ಬೌಂಡರಿ ಬಾರಿಸಿದರು, ಚೆಂಡು ಹೋದ ಕಡೆ ಬ್ಯಾಟ್ ತೋರಿಸಿದರು, ಮುಂದಿನ ಎಸೆತದಲ್ಲೇ ವೆಂಕಟೇಶ್ ಪ್ರಸಾದ್ ಬೌಲ್ಡ್ ಮಾಡಿದರು. ಬ್ಯಾಟ್ ತೋರಿಸಿದ್ದನ್ನು ಬಿಟ್ಟರೆ ಕಥೆಗೆ ಸ್ವಾರಸ್ಯವೇ ಇಲ್ಲ. ಅದನ್ನು ಫೈನಲ್ ಎಂದು ಕೆಡಿಸಬೇಡಿ. ಕ್ವಾರ್ಟರ್ ಫೈನಲ್, ಗೆಲುವು 39 ರನ್‌ಗಳದ್ದು.

ಪಾಕ್ ಅಭಿಮಾನಿಗಳು 1986ರ ಶಾರ್ಜಾ ಫೈನಲ್ ತಂದೇ ತರುತ್ತಾರೆ: ಕೊನೆಯ ಎಸೆತಕ್ಕೆ 4 ಬೇಕಿತ್ತು, ಅವರ ಮಿಯಾಂದಾದ್ ಸಿಕ್ಸರ್ ಹೊಡೆದರು. ವಾದಿಸಬೇಡಿ, ಒಪ್ಪಿಕೊಳ್ಳಿ. ಆ ಹೊಡೆತ ನಿಜಕ್ಕೂ ಅದ್ಭುತ. ಒಪ್ಪಿದ ಮೇಲೆ 2007ರ ಟಿ20 ವಿಶ್ವಕಪ್‌ನ ಜೊಹಾನ್ಸ್‌ಬರ್ಗ್ ಫೈನಲ್ ಹೇಳಿ: ಪಾಕಿಸ್ತಾನದ ಮಿಸ್ಬಾ ಸ್ಕೂಪ್ (ಚೆಂಡನ್ನು ಹಿಂದಕ್ಕೆ ಎತ್ತುವ ಹೊಡೆತ), ಶ್ರೀಶಾಂತ್ ಕ್ಯಾಚ್, ಭಾರತಕ್ಕೆ 5 ರನ್ ಗೆಲುವು. ಆಗ 2017ರ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ, ಲಂಡನ್‌ನ ಓವಲ್‌ನಲ್ಲಿ ನಾವು ಕಂಡ 180 ರನ್ ಸೋಲು ಬರುತ್ತದೆ, ತಯಾರಿರಿ.

ಪಂದ್ಯ ಮುಗಿಯುವ ಮುನ್ನ ಬೀಗಬೇಡಿ. ಒಂದೇ ಓವರ್ ಎಲ್ಲವನ್ನೂ ತಿರುಗಿಸುತ್ತದೆ. ಧರ್ಮ, ಆಟಗಾರರ ಮನೆಯವರು ಮಾತಿಗೆ ಬಂದರೆ ಅಲ್ಲಿಗೇ ನಿಲ್ಲಿಸಿ.