180 ರೂಪಾಯಿಯ ಎಸಿ ಫಿಲ್ಟರ್

ನನ್ನ ಮನೆ ಕೋಲಾರದಲ್ಲಿ, ಕೆಲಸ ಕೆಜಿಎಫ್‌ನಲ್ಲಿ. ಬಂಗಾರಪೇಟೆ ಮೇಲೆ ದಿನಾ ಕಾರಲ್ಲಿ ಹೋಗಿ ಬರುತ್ತೇನೆ. ಚಿನ್ನದ ಗಣಿ 2001ರಲ್ಲೇ ಮುಚ್ಚಿತು. ಆದರೆ ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿ ಇವತ್ತಿಗೂ ಗುಡ್ಡ ಗುಡ್ಡವಾಗಿ ಬಿದ್ದಿದೆ. ಅದಕ್ಕೆ ಸೈನೈಡ್ ಗುಡ್ಡ ಅನ್ನುತ್ತಾರೆ. ಗಾಳಿ ಎದ್ದರೆ ಆ ಪುಡಿ ಹಿಟ್ಟಿನ ಹಾಗೆ ಹಾರುತ್ತದೆ.

ಹೋದ ವರ್ಷ ಆಷಾಢದ ಗಾಳಿಯಲ್ಲಿ ಮಗಳು ಕಾರು ಹತ್ತಿದ ಕೂಡಲೇ ಸೀನಲು ಶುರು ಮಾಡಿದಳು. ಎಸಿಯಿಂದ ಗಾಳಿ ಕಡಿಮೆ, ಜೊತೆಗೆ ಒಣಗದ ಬಟ್ಟೆಯ ಮುಗ್ಗಲು ವಾಸನೆ. ಒಂದು ಸರ್ವಿಸ್ ಸೆಂಟರ್‌ಗೆ ಹೋದರೆ ಕಾರಿನೊಳಗೆ ಬರುವ ಗಾಳಿಯ ಧೂಳು ಹಿಡಿಯುವ ಫಿಲ್ಟರ್, ಎಸಿ ಕ್ಲೀನಿಂಗ್, ಲೇಬರ್ ಎಲ್ಲ ಸೇರಿಸಿ 1,900 ರೂಪಾಯಿ ಅಂದರು. ಬರೀ ಫಿಲ್ಟರ್ ಬದಲಾಯಿಸಿ ಅಂದೆ, ಒಪ್ಪಲಿಲ್ಲ. ವಾಪಸ್ ಬಂದೆ.

ಭಾನುವಾರ ನಾನೇ ಬಿಚ್ಚಿದೆ. ನನ್ನದು ಹಳೇ ಸ್ವಿಫ್ಟ್. ಗ್ಲೋವ್ ಬಾಕ್ಸ್ ಖಾಲಿ ಮಾಡಿ, ಎರಡೂ ಪಕ್ಕ ಒಳಗೆ ಒತ್ತಿದರೆ ಅದು ಕೆಳಗೆ ಇಳಿಯುತ್ತದೆ. ಹಿಂದೆ ಒಂದು ಪ್ಲಾಸ್ಟಿಕ್ ಮುಚ್ಚಳ. ಅದನ್ನು ತೆಗೆದು ಫಿಲ್ಟರ್ ಎಳೆದೆ. ಬಿಳಿ ಇರಬೇಕಾದ ಮಡಿಕೆಗಳು ಬೂದು ಬಣ್ಣಕ್ಕೆ ತಿರುಗಿದ್ದವು. ನಡುವೆ ಒಣಗಿದ ಬೇವಿನೆಲೆ, ಒಂದು ಸತ್ತ ಜೀರುಂಡೆ. ಇಷ್ಟು ದಿನ ಮಗಳು ಇದರಿಂದ ಬಂದ ಗಾಳಿಯನ್ನೇ ಕುಡಿಯುತ್ತಿದ್ದಳಲ್ಲ ಅಂತ ಕರುಳು ಚುರುಕ್ ಅಂದಿತು.

ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದರೆ ಸಾಕು ಅಂತ ಪಕ್ಕದ ಮನೆಯವರು ಹೇಳಿದರು. ಹೊಡೆಸಿದೆ. ಆಮೇಲೆ ಬಿಸಿಲಿಗೆ ಹಿಡಿದು ನೋಡಿದರೆ ಎರಡು ಕಡೆ ತೂತು. ಇದು ಧೂಳು ಹಿಡಿಯುವ ತೆಳು ಹಾಳೆ, ಅಷ್ಟು ಜೋರು ಗಾಳಿ ತಡೆಯಲ್ಲ. ಇದನ್ನು ತೊಳೆಯಲೂ ಬಾರದು.

ಕ್ಲಾಕ್ ಟವರ್ ಕಡೆಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ "ಏರ್ ಫಿಲ್ಟರ್ ಕೊಡಿ" ಅಂದೆ. ಇಂಜಿನ್‌ದು ತಂದಿಟ್ಟರು. ಅಲ್ಲ, ಒಳಗಿಂದು ಅಂದಾಗ ಅಂಗಡಿಯವರು, "ಎಸಿ ಫಿಲ್ಟರ್ ಅಂತ ಕೇಳಿ ಸಾರ್, ಎಲ್ಲಿ ಹೋದರೂ ಅದನ್ನೇ ಕೊಡ್ತಾರೆ" ಅಂದರು. ನಿಜಕ್ಕೂ ಉಪಯೋಗಕ್ಕೆ ಬಂದ ಮಾತು.

120 ರೂಪಾಯಿಯದು ಒಂದು ತಂದು ಹಾಕಿದೆ. ಅಲ್ಲೇ ತಪ್ಪಿದ್ದು. ಉದ್ದ ಸರಿಯಿತ್ತು, ಅಗಲ ಸ್ವಲ್ಪ ಕಡಿಮೆ. ಬೆರಳ ಉಗುರು ತೂರುವಷ್ಟು ಸಂದು ಉಳಿಯಿತು, ಪರವಾಗಿಲ್ಲ ಅಂದುಕೊಂಡೆ. ಎರಡು ವಾರ ಬಿಟ್ಟು ಎಸಿ ಕಿಂಡಿಗೆ ಒದ್ದೆ ಬಿಳಿ ಬಟ್ಟೆ ಹಿಡಿದು ಫ್ಯಾನ್ ಜೋರು ಮಾಡಿದರೆ ಬಟ್ಟೆ ಮೇಲೆ ಬೂದು ಗೆರೆ. ಗಾಳಿ ಸುಲಭದ ದಾರಿ ಹುಡುಕುತ್ತದೆ ಅಲ್ವಾ, ಹಾಳೆಯ ಮೂಲಕ ಹೋಗುವ ಬದಲು ಆ ಸಂದಿನಲ್ಲೇ ನುಗ್ಗಿತ್ತು.

ಎರಡನೇ ಸಲ ಹಳೆಯ ಫಿಲ್ಟರನ್ನೇ ಕವರ್‌ನಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ಅದರ ಅಂಚಿನ ಪಾರ್ಟ್ ನಂಬರ್ ತೋರಿಸಿದೆ. ಕೌಂಟರ್ ಮೇಲೆ ಎರಡನ್ನೂ ಒಂದರ ಮೇಲೊಂದು ಇಟ್ಟು ಉದ್ದ, ಅಗಲ, ದಪ್ಪ ನೋಡಿದೆ. ಮಡಿಕೆ ಎಷ್ಟು ಅಂತಲೂ ಎಣಿಸಿದೆ. ಮಡಿಕೆ ಜಾಸ್ತಿ ಇದ್ದರೆ ಧೂಳು ಹಿಡಿಯಲು ಜಾಗ ಜಾಸ್ತಿ. ಅಂಚಿಗೆ ಸ್ಪಂಜಿನ ಪಟ್ಟಿ ಇದ್ದದ್ದು 180 ರೂಪಾಯಿಗೆ ಸಿಕ್ಕಿತು. ಕಪ್ಪು ಬಣ್ಣದ ಕಾರ್ಬನ್ ಫಿಲ್ಟರ್ ಬೆಲೆ ಅದರ ಎರಡರಷ್ಟಿತ್ತು. ಅದು ಹೊಗೆ, ವಾಸನೆಗೆ ಒಳ್ಳೆಯದು. ನನ್ನ ತೊಂದರೆ ಧೂಳು. ಇಂಥ ರಸ್ತೆಯಲ್ಲಿ ಓಡಾಡುವವರು ದುಬಾರಿಯದನ್ನು ಎರಡು ವರ್ಷ ಎಳೆಯುವುದಕ್ಕಿಂತ ಸಾದಾದನ್ನು ಬೇಗ ಬೇಗ ಬದಲಾಯಿಸುವುದೇ ವಾಸಿ ಅಂತ ನನ್ನ ಲೆಕ್ಕ.

ಹಾಕುವಾಗ ಅಂಚಿನ ಬಾಣದ ಗುರುತು ನೋಡಿ, ಹಳೆಯದು ಇದ್ದ ದಿಕ್ಕಿಗೇ ಕೂರಿಸಬೇಕು. ಬಿಚ್ಚುವಾಗಲೇ ಫೋನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮಾಸ್ಕ್ ಮರೆಯಬೇಡಿ, ಹಳೆಯದನ್ನು ಮನೆಯೊಳಗೆ ಕೊಡವಬೇಡಿ.

ಈ ಸಲ ಬಿಳಿ ಬಟ್ಟೆ ಬಿಳಿಯಾಗೇ ಇತ್ತು. ಮುಗ್ಗಲು ವಾಸನೆಯೂ ಹೋಯಿತು. ಹಾಕಿದ ತಾರೀಕನ್ನು ಅಂಚಿನ ಮೇಲೆ ಮಾರ್ಕರ್‌ನಲ್ಲಿ ಬರೆದಿದ್ದೇನೆ. ಅದೇ ಅಳತೆಯದು ಇನ್ನೊಂದು ತಂದು ಅಟ್ಟದ ಮೇಲೆ ಇಟ್ಟಿದ್ದೇನೆ, ಮುಂದಿನ ಗಾಳಿಗಾಲಕ್ಕೆ.